ಚೀಲದ ಗುರುತು

ಗುರುವಾರ. ಟೆಂಡರ್ ತೆರೆಯಲು ಇನ್ನೂ ಎರಡು ತಾಸು.
ಮಾಳಿಗೆಯ ಕೋಣೆಯಲ್ಲಿ ನಾನು, ಮೂಗಿಗೆ ಒದ್ದೆ ಟವೆಲ್ಲು,
ಕೆಳಗೆ ಬ್ಯಾಡಗಿಯ ಅಂಗಳದ ತುಂಬ ಕೆಂಪು.
ಫ್ಯಾನು ತಿರುಗಿದರೆ ಘಾಟು ಮೇಲೇರುತ್ತದೆ,
ನಿಲ್ಲಿಸಿದರೆ ಲ್ಯಾಪ್‌ಟಾಪು ಕಾಯುತ್ತದೆ.

ಪುಟದ ಕಟ್ಟೋಣ ಸರಳ:
ಹೊರಗೊಂದು ಪಟ್ಟಿ, ದಲಾಲಿ ಅಂಗಡಿಗಳದ್ದು;
ಅಂಗಡಿಯ ಹೊಟ್ಟೆಯಲ್ಲಿ ಇನ್ನೊಂದು, ರಾಶಿಗಳದ್ದು.
ತೆರೆದ ಕೋನಕ್ಕೆ ಮುಚ್ಚುವ ಕೋನ,
ಒಳಗಿನದು ಎರಡು ಬೆರಳು ಒಳಕ್ಕೆ ಸರಿದು ಕೂತಿರುತ್ತದೆ,
ಪಂಕ್ತಿಯಲ್ಲಿ ಹಿರಿಯರ ಬೆನ್ನಿಗೆ ಕುಳಿತ ಹುಡುಗರ ಹಾಗೆ.
ಒಂದೊಂದು ಸಾಲನ್ನೂ ದರದ ದಾಖಲೆಗೆ
ದಾರ ಹಾಕಿ ಕಟ್ಟಿದ್ದೇನೆ:
ಅಲ್ಲಿ ಅಂಕಿ ಮಿಸುಕಿದರೆ ಇಲ್ಲಿ ಸಾಲು ಮಿಸುಕಬೇಕು.

ಮೊದಲ ಸಲ ದರದ ಇಳಿಕೆಗೆ ಹಚ್ಚಿದಾಗ
ಒಂಬತ್ತು ಸಾವಿರದ ಎಂಟುನೂರರ ಬಿಳಿಗಾಯಿ ಎಲ್ಲರ ತಲೆ ಮೇಲೆ,
ನಲವತ್ತೆರಡು ಸಾವಿರದ ಡಬ್ಬಿ ಅದರ ಕಾಲಬುಡಕ್ಕೆ.
ಗುಮಾಸ್ತ ಗುತ್ತೆಪ್ಪ ನಕ್ಕ:
“ಭಾಳ ಶಾಣ್ಯಾ ಐತಪಾ ನಿನ್ನ ಮಷಿನ್ನು,
ಮುಂದಿನ ಅಕ್ಷರ ಅಷ್ಟ ಓದಿ ರೊಕ್ಕಾ ಎಣಸ್ತೈತಿ.”
ಹೌದು, ಅಂಕಿಯನ್ನು ಹೆಸರೆಂದುಕೊಂಡಿತ್ತು:
ಒಂಬತ್ತು ನಾಲ್ಕಕ್ಕಿಂತ ದೊಡ್ಡದು, ಉಳಿದದ್ದು ಅದಕ್ಕೆ ಬೇಡ.
ಸಂಖ್ಯೆ ಎಂದು ತಿಳಿಹೇಳಿದೆ. ತಿಳಿದುಕೊಂಡಿತು.

ಎರಡನೆಯ ತಪ್ಪು ನಗೆ ತರಲಿಲ್ಲ.
ಅಂಗಡಿಗಳನ್ನು ಅಕಾರಾದಿಗೆ ಹಚ್ಚಿದೆ:
ಎಲಿಗಾರ ಮೇಲೆ ಬಂದರು, ಕಂಬಳಿ, ಬಿಷ್ಟಣ್ಣವರ, ಮುಳಗುಂದ,
ಹಾವನೂರ ಕೊನೆಗೆ.
ಫಲಕಗಳು ಎದ್ದು ನಡೆದವು;
ರಾಶಿಗಳು ಕುಂತಲ್ಲೇ ಕುಂತವು.
ಹಾವನೂರರ ಕಡ್ಡಿಕಾಯಿ ಎಲಿಗಾರರ ಹೆಸರಿನ ಕೆಳಗೆ
ಏನೂ ಆಗಿಲ್ಲವೆಂಬ ಹಾಗೆ ಹೊಳೆಯಿತು.
ಒಂದೂ ಕಳೆದಿಲ್ಲ, ಒಂದೂ ಹೆಚ್ಚಿಲ್ಲ,
ಎಣಿಸಿದರೆ ಮುನ್ನೂರ ಹನ್ನೆರಡು, ಬರೋಬ್ಬರಿ.
ಬರೋಬ್ಬರಿ ಇದ್ದೂ ಎಲ್ಲ ಸುಳ್ಳು.

ನೀರು ಕುಡಿಯಲು ಕೆಳಗಿಳಿದೆ.
ಪತ್ರಾಸಿನ ನೆರಳಿಗೆ ದಾವಲಬಿ ತೊಟ್ಟು ಮುರಿಯುತ್ತಿದ್ದಳು:
ಎಡಕ್ಕೆ ಕಪ್ಪುಗೆಂಪು, ಅದರೊಳಗೆ ಸುಕ್ಕು ಹೆಚ್ಚಿದ್ದು ಬೇರೆ,
ಸುಕ್ಕಿನೊಳಗೂ ಉದ್ದ ಒಂದು ಕಡೆ, ಮೋಟು ಒಂದು ಕಡೆ.
ಕಣ್ಣು ನನ್ನ ಮೇಲೆ, ಕೈ ತನ್ನ ಪಾಡಿಗೆ.
ಅಷ್ಟರಲ್ಲಿ ಲಾರಿಗೆ ದಾರಿ ಬೇಕೆಂದು
ಹಮಾಲರು ಚೀಲಗಳ ಸಾಲನ್ನೇ ಆಚೆಗೆ ಎಳೆದರು.
ಮೂರನೆಯದು ಏಳನೆಯದಾಯಿತು, ಮೊದಲನೆಯದು ಎಲ್ಲೋ.
ಅವಳು ಬುಟ್ಟಿ ಎತ್ತಿ ನೆಟ್ಟಗೆ ಹೋಗಿ
ಅದೇ ಚೀಲಕ್ಕೆ ಸುರಿದು ಬಂದಳು.

“ಹೆಂಗ ಗೊತ್ತಾತು, ಚಾಚಿ?”

“ಸಾಲಿನಾಗ ಎಷ್ಟನೇದಂತ ನೆನಪಿಟ್ಕೊಂಡ್ರ ಕೆಟ್ಟಿ.
ಸಾಲು ಇವತ್ತು ಹಿಂಗ, ನಾಳೆ ಹಂಗ.
ಬಾಯಿಗೆ ಹಸರ ಚಿಂದಿ ಕಟ್ಟೇನಿ, ನೋಡು.
ಚೀಲ ಎಲ್ಲೇ ಹೋಗಲಿ, ಚಿಂದಿ ಸಂಗಾಟ ಹೋಗತೈತಿ.”

ಮೆಟ್ಟಿಲು ಎರಡೆರಡು ಹತ್ತಿದೆ.
ಎಷ್ಟನೆಯದು ಎಂಬುದನ್ನು ಅಳಿಸಿ
ಯಾರದು ಎಂಬುದನ್ನು ಬರೆದೆ,
ಒಂದೊಂದರ ಬಾಯಿಗೂ ಒಂದು ಚಿಂದಿ.
ಎಲಿಗಾರ ನಡೆದರೆ ಅವರ ರಾಶಿಯೂ ನಡೆಯಿತು,
ಹಾವನೂರ ತಮ್ಮ ಕಡ್ಡಿಕಾಯಿ ಹೊತ್ತುಕೊಂಡು ಕೆಳಗಿಳಿದರು.
ಗುತ್ತೆಪ್ಪ ಬೆರಳಿನಿಂದ ಪುಟ ಎಳೆದೆಳೆದು ನೋಡಿ
ಚಹಾ ಹೇಳಿದ.

ಸಂಜೆ ದಾವಲಬಿ ಮೆಟ್ಟಿಲ ಬುಡಕ್ಕೆ ಬಂದು “ತೋರಸು” ಅಂದಳು.
ಅಂಗಡಿ, ರಾಶಿ, ತೂಕ, ದರ.
ತುಟಿ ಆಡಿಸುತ್ತ ಕೊನೆಯವರೆಗೂ ಓದಿದಳು.
“ಇದರ ಒಳಗ ಇನ್ನೊಂದು ಹಾಕಾಕ ಬರತೈತೇನು?
ತೊಟ್ಟು ಮುರದೋರ್ದು?”
“ಬರತೈತಿ.”
“ಎಷ್ಟು ಒಳಗ ಹೋಗಬಹುದು?”
“ಎಷ್ಟರ.”
ಸೆರಗಿನಿಂದ ಕೈ ಒರೆಸಿಕೊಂಡು
ಕಿಲೋದ ಲೆಕ್ಕ ಬರೆಸಲು ಹೋದಳು.

ರಾತ್ರಿ, ಅಂಗಳ ಗುಡಿಸಿದ ಮೇಲೆ,
ರಾಶಿಯೊಳಗೊಂದು ಪಟ್ಟಿ ತೆರೆದೆ, ಮುಚ್ಚಿದೆ.
ನಡುವೆ ತುಂಬಲು ಯಾವ ದಫ್ತರದಲ್ಲೂ ಏನೂ ಇಲ್ಲ.
ಖಾಲಿ ಪಟ್ಟಿ ಪುಟದ ಮೇಲೆ ಕಾಣುವುದಿಲ್ಲ,
ಗೆರೆಯಷ್ಟೂ ಜಾಗ ಹಿಡಿಯುವುದಿಲ್ಲ.
ಇದೆ, ಅಷ್ಟೇ.
ಸೀನು ಬಂತು.
ಉಳಿಸಿದೆನೋ ಇಲ್ಲವೋ ಎಂದು
ಮತ್ತೊಮ್ಮೆ ಒತ್ತಿದೆ.